ಕೋಡಿಬಾಗದಲ್ಲಿ ಹೀಟರ್ ಕೆಟ್ಟೋಯ್ತು

ಮೇ ತಿಂಗಳ ಕಾರವಾರ ಗೊತ್ತಲ್ಲ, ಸ್ನಾನ ಮಾಡಿ ಟವೆಲ್ ಒಣಗಿಸಿ ಬರೋದ್ರೊಳಗೆ ಮೈ ಮತ್ತೆ ಒದ್ದೆ. ಅಂಥಾ ಸೆಕೆಲಿ ನಮ್ಮ ಡೀಸೆಲ್ ಗಾಡಿ ಚೆಕ್ ಇಂಜಿನ್ ಲೈಟ್ ಹೊತ್ತಿಸ್ಕೊಂಡು ಕೂತ್ತು. ಸ್ಕ್ಯಾನರ್ ಹಚ್ಚಿ ನೋಡಿದ್ರೆ ಪಿ20ಬಿ9 ಅನ್ನೋ ಕೋಡ್, ಅಂದ್ರೆ ಡಿಇಎಫ್ ಹೀಟರಿನ ಸರ್ಕ್ಯೂಟ್ ಓಪನ್, ಎಲ್ಲೋ ಕರೆಂಟಿನ ದಾರಿ ಕಡಿದಿದೆ. ಹೀಟರ್ ಅಂತೆ! ಕಾರವಾರದ ಕೋಡಿಬಾಗದಲ್ಲಿ!

ಈ ಡಿಇಎಫ್ (ಡೀಸೆಲ್ ಎಕ್ಸಾಸ್ಟ್ ಫ್ಲೂಯಿಡ್) ಅಂದ್ರೆ 32.5% ಯೂರಿಯಾ, ಉಳಿದಿದ್ದೆಲ್ಲ ಶುದ್ಧ ನೀರು. 2020ರಲ್ಲಿ ಬಿಎಸ್6 ಅನ್ನೋ ಹೊಗೆ ನಿಯಮ ಬಂದ್ಮೇಲೆ ಸುಮಾರು ಡೀಸೆಲ್ ಗಾಡಿಗಳಿಗೆ ಇದಕ್ಕಂತಾನೇ ಬೇರೆ ಟ್ಯಾಂಕು, ಹೊಗೆಗೆ ಚಿಮ್ಮಿಸಿದ್ರೆ ಅದರಲ್ಲಿರೋ ನೈಟ್ರೋಜನ್ ಆಕ್ಸೈಡ್ ಕಡಿಮೆ ಆಗತ್ತೆ. ಮೈನಸ್ 11 ಡಿಗ್ರಿಗೆ ಹೆಪ್ಪುಗಟ್ಟತ್ತೆ ಅಂತ ನಮ್ಮ ಗಾಡಿ ಟ್ಯಾಂಕಲ್ಲಿ ಹೀಟರ್ ಇಟ್ಟಿದಾರೆ. ಲಡಾಖಿಗೆ ಹೋಗೋರಿಗೆ ಸರಿ, ನಮಗೆ ಚಳಿ ಅಂದ್ರೆ ಡಿಸೆಂಬರಲ್ಲಿ ದೇವಿಮನೆ ಘಟ್ಟ ಹತ್ತುವಾಗ ಕಿಟಕಿ ಏರಿಸೋದು, ಅಷ್ಟೇ.

"ಬಿಡಿ ಮಾರಾಯ್ರೆ, ಬಿಸಿ ಬೇಕಿದ್ರೆ ಬಿಸಿಲಲ್ಲಿ ನಿಲ್ಸಿ" ಅಂದ್ರು ಪಕ್ಕದ್ಮನೆಯವ್ರು. ಆದ್ರೆ ಗಾಡಿ ಕಂಪ್ಯೂಟರಿಗೆ ಚಳಿ ಇದ್ಯೋ ಇಲ್ವೋ ಬೇಕಾಗಿಲ್ಲ, ಕರೆಂಟ್ ಹೋಗೋ ದಾರಿ ಪೂರ್ತಿ ಇದ್ಯಾ ಅಂತ ನೋಡತ್ತೆ, ಇಲ್ದಿದ್ರೆ ಲೈಟ್. ಇನ್ನೊಬ್ರು ಡಿಇಎಫ್ ಫುಲ್ ಮಾಡಿ ಸರಿ ಹೋಗತ್ತೆ ಅಂದ್ರು, ಒಂದು ಕ್ಯಾನ್ ತಂದು ಅರ್ಧ ಹಾಕಿದ್ವಿ, ಟ್ಯಾಂಕ್ ತುಂಬ್ತು, ಲೈಟ್ ಜಪ್ಪಯ್ಯ ಅನ್ಲಿಲ್ಲ. ಆಮೇಲೆ ಒಂದು ವರ್ಕ್‌ಶಾಪಲ್ಲಿ ಮೀಟರ್ ಸಹ ಹಚ್ಚದೆ, ಪಂಪು ಹೀಟರು ಸೆನ್ಸರು ಎಲ್ಲ ಒಂದೇ ಸೆಟ್ಟು, ಪೂರ್ತಿ ಟ್ಯಾಂಕೇ ಬದಲಿಸ್ಬೇಕು ಅಂತ ಹೇಳಿದ ರೇಟ್ ಕೇಳಿ ಬೆವರೂ ನಿಂತೋಯ್ತು. ಅಳತೆ ಮಾಡದೆ ಪಾರ್ಟ್ ಬರೆಯೋರ್ನ ಕಂಡ್ರೆ ನಂಗಾಗಲ್ಲ.

ಅಂಕೋಲೆಯ ಎಲೆಕ್ಟ್ರಿಷಿಯನ್ ಮಾತೇ ಆಡ್ಲಿಲ್ಲ. ಫ್ಯೂಸ್ ನೋಡ್ದ, ರಿಲೇ ನೋಡ್ದ, ಆಮೇಲೆ ಗಾಡಿ ಅಡಿಗೆ ನುಗ್ಗಿ ಹೀಟರಿನ ಕನೆಕ್ಟರ್ ಕಿತ್ತು ಎರಡೂ ಪಿನ್ನಿಗೆ ಮಲ್ಟಿಮೀಟರ್ ಕಡ್ಡಿ ಇಟ್ಟ. ಕೆಲವೇ ಓಮ್ಸ್ ತೋರಿಸ್ತು. ಒಳಗಿನ ಕಾಯಿಲ್ ತುಂಡಾಗಿದ್ರೆ ಓಎಲ್ ಅಂತ, ಅಂದ್ರೆ ಅಳತೆಗೇ ಸಿಗಲ್ಲ ಅಂತ ಬರ್ತಿತ್ತು. "ಹೀಟರ್ ಗಟ್ಟಿ ಇದೆ ಸರ್" ಅಂತ ವೈರ್ ಕಡೆಯ ಕನೆಕ್ಟರ್ ತಿರುಗಿಸಿ ಟಾರ್ಚ್ ಹಿಡಿದ್ರೆ ಒಂದು ಪಿನ್ನು ಬಾವಿಕಟ್ಟೆ ಪಾಚಿ ಹಂಗೆ ಹಸಿರು, ಸ್ಕ್ರೂಡ್ರೈವರ್ ತುದಿ ತಾಗಿದ್ದೇ ಪುಡಿಪುಡಿ. ರಬ್ಬರ್ ಸೀಲ್ ಬಿರುಕು ಬಿಟ್ಟಿತ್ತು. ಸುತ್ತ ಬಿಳಿ ಪುಡಿ ಕಂಡು ನಾನು ಸಮುದ್ರದ ಉಪ್ಪು ಅಂದೆ, ಅವ್ನು ಉಪ್ಪುಗಾಳಿನೂ ಹೌದು, ಆದ್ರೆ ಈ ಬಿಳೀದು ಲೀಕಾಗಿ ಒಣಗಿದ ಡಿಇಎಫ್, ಎರಡೂ ಸೇರಿ ತಿಂದಿದೆ ಅಂದ. ಹೊಸ ಪಿನ್ನು, ಹೊಸ ಸೀಲು, ಕೋಡ್ ಕ್ಲಿಯರ್. ಕೊಟ್ಟ ದುಡ್ಡು ಆ ಟ್ಯಾಂಕಿನ ಮುಚ್ಚಳಕ್ಕೂ ಸಾಲ್ತಿರಲಿಲ್ಲ.

ಉಳಿದಿದ್ದು ಆ ಅರ್ಧ ಕ್ಯಾನ್. ನಮ್ಮೂರ ಸೆಕೆಲಿ ಇದನ್ನ ಬಹಳ ದಿನ ಇಟ್ರೆ ಕೆಡತ್ತಂತೆ, ಹೆಪ್ಪುಗಟ್ಟೋ ಚಿಂತೆ ಬಿಟ್ಟು ಈಗ ಅದನ್ನ ತಂಪಾಗಿಡೋ ಚಿಂತೆ. ಮೊನ್ನೆ ಶಿರಸಿಯಿಂದ ಮಾವ ಬಂದವ್ರು ಕನ್ನಡಕ ಏರಿಸಿ ಲೇಬಲ್ ಪೂರ್ತಿ ಓದಿ, "ಇದು ಯೂರಿಯಾನೇ ಅಲ್ದನಾ? ಗಾಡಿಗೆ ಬೇಡದಿದ್ರೆ ತೋಟಕ್ಕೆ ತಗಂಡು ಹೋಗ್ತಿ" ಅಂದ್ರು. ಹೆಂಡತಿ ಆಗ್ಲೇ ಕ್ಯಾನಿಗೆ ಹಗ್ಗ ಕಟ್ತಾ ಇದ್ಲು.