ಸತ್ಯಾಂಶ: ಐಕಿಡೊ ಗುರು ಮುಟ್ಟದೆಯೇ ಬೀಳಿಸುತ್ತಾರೆಯೇ?

ಜಪಾನಿನ ಸಮರಕಲೆ ಐಕಿಡೊದ ಗುರು ಕೈ ಬೀಸಿದೊಡನೆ ಎದುರಾಳಿ ಗಾಳಿಯಲ್ಲಿ ಪಲ್ಟಿ ಹೊಡೆಯುವ ವಿಡಿಯೊಗಳು ‘ಕಿ (ಚೈತನ್ಯ) ಶಕ್ತಿಯ ಪವಾಡ’ ಎಂಬ ಒಕ್ಕಣೆಯೊಂದಿಗೆ ಹರಿದಾಡುತ್ತಿವೆ. ಅದು ಪವಾಡವಲ್ಲ; ಹಾಗೆಂದು ನಾಟಕ ಎಂದು ತಳ್ಳಿಹಾಕುವುದೂ ಸರಿಯಲ್ಲ.

ಮಣಿಕಟ್ಟು ಮಡಚಿ ಬೀಳಿಸುವ ‘ಕೊತೆಗಾಯೆಶಿ’ ಪಟ್ಟನ್ನೇ ನೋಡಿ. ಹೊಟ್ಟೆಗೆ ಗುದ್ದು ಬಂದಾಗ ಅದರ ದಾರಿಯಿಂದ ಸರಿದು ಎದುರಾಳಿಯ ಪಕ್ಕಕ್ಕೆ ಹೆಜ್ಜೆಯಿಟ್ಟು ತಿರುಗಬೇಕು. ಅವನ ಮುಷ್ಟಿಯ ಹಿಂಬದಿಗೆ ಹೆಬ್ಬೆರಳೂರಿ, ಉಳಿದ ಬೆರಳುಗಳಿಂದ ಅವನ ಹೆಬ್ಬೆರಳ ಬುಡ ಹಿಡಿಯಬೇಕು. ಅವನ ತೂಕ ಮುಂದಕ್ಕೆ ವಾಲಿದ ಕ್ಷಣದಲ್ಲೇ ಹಿಂದೆ ಸರಿದು, ಮಣಿಕಟ್ಟನ್ನು ಹೊರಬದಿಗೆ ಮಡಚಿ ಕೆಳಗಿಳಿಸಬೇಕು. ಹೆಚ್ಚಿನವರು ತಪ್ಪುವುದು ಇಲ್ಲೇ: ಸಮತೋಲನ ಕೆಡಿಸುವ ಮೊದಲೇ ತೋಳ್ಬಲದಿಂದ ತಿರುಚುತ್ತಾರೆ. ಆಗ ಅವನು ಗಟ್ಟಿಯಾಗಿ ನಿಂತು ಕೈ ಎಳೆದುಕೊಳ್ಳುತ್ತಾನೆ.

ಪಲ್ಟಿ ಹೊಡೆಯುವುದು ‘ಉಕೆಮಿ’, ಕೀಲು ಉಳಿಸಿಕೊಳ್ಳುವ ಕಲಿಕೆ. ಪಳಗಿದವರು ಪಟ್ಟು ಬಿಗಿಯುವ ಮುನ್ನವೇ ಜಿಗಿಯುವುದರಿಂದ ಮುಟ್ಟದೆ ಬಿದ್ದಂತೆ ಕಾಣುತ್ತದೆ. ಕಲಿಯದವರು ಹಾಗೆ ಜಿಗಿಯುವುದಿಲ್ಲ. ಅವರ ಮಣಿಕಟ್ಟೇ ಉಳುಕೀತು.

ಜಪಾನಿನ ಮೊರಿಹೆಯಿ ಉಯೆಶಿಬಾ (1883–1969) ಐಕಿಡೊವನ್ನು ರೂಪಿಸಿದ್ದು ದೈತೊ-ರ್ಯು ಜುಜುತ್ಸು ಎಂಬ ಸಮರಕಲೆಯ ತಳಹದಿಯ ಮೇಲೆ. ‘ಐ’ ಎಂದರೆ ಕೂಡುವುದು, ‘ಕಿ’ ಎಂದರೆ ಚೈತನ್ಯ, ‘ಡೊ’ ಎಂದರೆ ಮಾರ್ಗ. ಬಂದ ಬಲಕ್ಕೆ ಎದುರು ನಿಲ್ಲದೆ ಅದರೊಡನೆ ಕೂಡಿ ದಿಕ್ಕು ಬದಲಿಸುವುದು, ಸಾಧ್ಯವಾದಷ್ಟೂ ದಾಳಿ ಮಾಡಿದವನಿಗೂ ಗಾಯವಾಗದಂತೆ.