33 ಸೆಕೆಂಡಿನ ಪರಾಕ್ರಮ

ಸುದ್ದಿ ನಿಮಗೆ ಗೊತ್ತೇ ಇದೆ. 2025ರ ‘ಸೂಪರ್‌ಮ್ಯಾನ್’ ಚಿತ್ರದ ಮುತ್ತಿನ ದೃಶ್ಯದಿಂದ 33 ಸೆಕೆಂಡು ಕತ್ತರಿಸಿ, ಹದಿಮೂರರೊಳಗಿನ ಮಕ್ಕಳು ಹೆತ್ತವರ ಮಾರ್ಗದರ್ಶನದಲ್ಲಿ ನೋಡಲಿ ಎನ್ನುವ ಯುಎ 13+ ಚೀಟಿ ಅಂಟಿಸಿ, ಸೆನ್ಸಾರ್ ಮಂಡಳಿ ದೇಶದ ಮಾನ ಉಳಿಸಿತು. ಅದೇ ಚಿತ್ರದಲ್ಲಿ ನಗರ ನಡುವೆ ಸೀಳಿ ಕಟ್ಟಡಗಳು ಉರುಳಿದರೂ ಮಕ್ಕಳ ಮನಸ್ಸು ಕೆಡುವುದಿಲ್ಲವಂತೆ. ಮುಂಬಯಿಯ ಪೆಡ್ಡರ್ ರೋಡಿನಲ್ಲೇ ಕೂತಿರುವ ಈ ವೀರರಿಗೆ ಶಾಲು, ಹಾರ, ಹಣ್ಣಿನ ಬುಟ್ಟಿ ಸಲ್ಲಲೇಬೇಕು.

ತಮಾಷೆಯೆಂದರೆ, ಕತ್ತರಿಸಬೇಕಾದ ಭಾಗವನ್ನು, ಅಂದರೆ ನಾಯಕ ಹೇಗೆ ನಾಯಕನಾದ ಎಂಬ ಮೂಲಕಥೆಯನ್ನು, ನಿರ್ದೇಶಕರೇ ಮೊದಲೇ ಕತ್ತರಿಸಿಯಾಗಿತ್ತು. ರಾಕೆಟ್ಟಿನ ಕೂಸು, ಸಾಕಿದ ರೈತ ದಂಪತಿಯ ಪುರಾಣವೆಲ್ಲ ಬಿಟ್ಟು, ಸೋತು ಹಿಮದ ಮೇಲೆ ಬಿದ್ದ ನಾಯಕನಿಂದಲೇ ಚಿತ್ರ ಶುರು. 1978ರ ಚಿತ್ರದಲ್ಲಿ ಇದೇ ನಾಯಕ ಸೂಪರ್‌ಮ್ಯಾನ್ ವೇಷ ತೊಡಲು ಸುಮಾರು ಮುಕ್ಕಾಲು ಗಂಟೆ ಕಾಯಿಸಿದ್ದ. ಸ್ಪೈಡರ್‌ಮ್ಯಾನ್‌ನ ದೊಡ್ಡಪ್ಪನಂತೂ 2002ರಲ್ಲಿ ಒಮ್ಮೆ ಸತ್ತು, ಸಾಲದೆಂದು 2012ರಲ್ಲಿ ಮತ್ತೆ ಸತ್ತ. 2017ರ ಹೊತ್ತಿಗೆ ನಿರ್ಮಾಪಕರಿಗೇ ಕರುಣೆ ಬಂದು ನಾಯಕನಿಗೆ ಶಕ್ತಿ ಕೊಡುವ ಜೇಡದ ಕಡಿತವನ್ನೇ ಕೈಬಿಟ್ಟರು.

ಮೂಲಕಥೆ ನಮಗೇನು ಹೊಸದೇ? ಹಗಲು ಉಡುಪಿ ಹೋಟೆಲಿನಲ್ಲಿ ಲೋಟ ತೊಳೆದು, ರಾತ್ರಿ ಶಾಲೆಯಲ್ಲಿ ಓದಿ ಮೇಲೆ ಬಂದವರಿಂದಲೇ ಮುಂಬಯಿ ಕನ್ನಡ ನಿಂತಿದೆ. ಅಂಥವರ ಸನ್ಮಾನ ಮಾಟುಂಗದ ಸಭಾಂಗಣದಲ್ಲಿ ನಡೆದರೆ ಬಾಲ್ಯಕ್ಕೆ ಹತ್ತು ನಿಮಿಷ. ಅಭಿನಂದನಾ ಭಾಷಣ ಅದಕ್ಕೂ ಉದ್ದವಾದರೆ ಹಿಂದಿನ ಸಾಲು ಡೊಂಬಿವಲಿ ಲೋಕಲ್ ಹಿಡಿಯಲು ಎದ್ದೇಬಿಡುತ್ತದೆ. ಮಲ್ಟಿಪ್ಲೆಕ್ಸಿನಲ್ಲಿ ಆ ಸ್ವಾತಂತ್ರ್ಯವೂ ಇಲ್ಲ, ಪಾಪ್‌ಕಾರ್ನ್‌ಗೆ ಕೊಟ್ಟ ದುಡ್ಡು ಕಾಲು ಕಟ್ಟುತ್ತದೆ.

ಅರ್ಧ ಚಿತ್ರ ಹುಟ್ಟಿಗೇ ಹೋದರೆ ಖಳನಿಗೆ ಸಮಯ ಉಳಿಯುವುದಿಲ್ಲ. ಆಗ ನಾಯಕನ ಶಕ್ತಿಯನ್ನೇ ಖಳನಿಗೂ ತೊಡಿಸುತ್ತಾರೆ, ಬೇರೆ ವಿವರಣೆ ಕೊಡುವ ಕೆಲಸ ತಪ್ಪಿತಲ್ಲ! 2008ರ ‘ಐರನ್ ಮ್ಯಾನ್’ನಲ್ಲಿ ಇನ್ನೂ ದೊಡ್ಡ ಲೋಹದ ಕವಚ, 2015ರ ‘ಆಂಟ್ ಮ್ಯಾನ್’ನಲ್ಲಿ ಕುಗ್ಗಿಸುವ ಇನ್ನೊಂದು ಉಡುಪು. ಕೊನೆಯ ಇಪ್ಪತ್ತು ನಿಮಿಷ ಯಾರು ಯಾರಿಗೆ ಗುದ್ದುತ್ತಿದ್ದಾರೆಂದೇ ತಿಳಿಯದು.

ಆದರೂ ಹುಟ್ಟಿನ ಕತೆ ಪೂರ್ತಿ ದಂಡವಲ್ಲ. ‘ಐರನ್ ಮ್ಯಾನ್’ನಲ್ಲಿ ಹಾರಲು ಕಲಿಯುತ್ತ ಹತ್ತೇ ಪರ್ಸೆಂಟ್ ಶಕ್ತಿಗೆ ಪುಣ್ಯಾತ್ಮ ಛಾವಣಿಗೆ ಅಪ್ಪಳಿಸುತ್ತಾನೆ. ಮೊದಲ ಹಾರಾಟದಲ್ಲಿ ತೀರಾ ಎತ್ತರಕ್ಕೆ ಹೋಗಿ ಕವಚ ಹೆಪ್ಪುಗಟ್ಟಿ ಬೀಳುತ್ತಾನೆ. ಆ ದೋಷವನ್ನು ತಾನು ಸರಿಪಡಿಸಿಕೊಂಡು, ಕೊನೆಯಲ್ಲಿ ಖಳನನ್ನು ಅದೇ ಎತ್ತರಕ್ಕೆ ಸೆಳೆದೊಯ್ದು ಹೆಪ್ಪುಗಟ್ಟಿಸುತ್ತಾನೆ. 2005ರ ‘ಬ್ಯಾಟ್‌ಮ್ಯಾನ್ ಬಿಗಿನ್ಸ್’ನಲ್ಲಿ ವಿದ್ಯೆ ಕಲಿಸಿದ ಗುರುವೇ ಖಳ, ಹಾಗಾಗಿ ಕಲಿಕೆಯ ಆ ಸುದೀರ್ಘ ಭಾಗ ಸಾರ್ಥಕ.

ಇಷ್ಟು ಬಿಡಿಸಿ ಹೇಳಿದ್ದು ಮಂಡಳಿಯ ಅನುಕೂಲಕ್ಕೆ. ಕೈ ತುರಿಸುತ್ತಿದ್ದರೆ ಎರಡನೇ ಬಾರಿ ಸತ್ತ ದೊಡ್ಡಪ್ಪನಿಂದ ಶುರುಮಾಡಿ ಸ್ವಾಮಿ, ಪ್ರೇಕ್ಷಕರೇ ಆರತಿ ಎತ್ತುತ್ತಾರೆ.

ನಗು ಸಾಕು. ವಯಸ್ಸಿನ ಚೀಟಿ ಕೊಡಿ, ಕತ್ತರಿ ಕೆಳಗಿಡಿ ಎಂದು ಸೆನ್ಸಾರ್ ಸುಧಾರಣೆಗೆ ಸರ್ಕಾರವೇ ನೇಮಿಸಿದ್ದ, ನಿರ್ದೇಶಕ ಶ್ಯಾಮ್ ಬೆನಗಲ್ ಅವರ ಸಮಿತಿ ಹೇಳಿದ್ದು 2016ರಲ್ಲಿ. ಕತ್ತರಿ ಹಾಗೇ ಉಳಿಯಿತು. ಅದರ ವಿರುದ್ಧ ದೂರು ಒಯ್ಯಲು ಇದ್ದ ಮೇಲ್ಮನವಿ ನ್ಯಾಯಮಂಡಳಿಯನ್ನು ಮಾತ್ರ 2021ರಲ್ಲಿ ಮುಚ್ಚಿದರು. ಹಾಲಿವುಡ್ ಕಂಪನಿ 33 ಸೆಕೆಂಡು ಬಿಟ್ಟುಕೊಟ್ಟು ತನ್ನ ಪಾಡಿಗೆ ತಾನು ವ್ಯಾಪಾರ ಮಾಡುತ್ತದೆ. ಸಾಲ ಮಾಡಿ ಚಿತ್ರ ತೆಗೆದ ಸಣ್ಣ ನಿರ್ಮಾಪಕ ಬಿಡುಗಡೆಯ ದಿನ ಹತ್ತಿರ ಇಟ್ಟುಕೊಂಡು ಹೈಕೋರ್ಟಿನ ಮೆಟ್ಟಿಲು ಹತ್ತಬೇಕು, ವಕೀಲರ ಫೀಸಿಗೂ ಸಾಲ ಹುಡುಕಬೇಕು.