ಸತ್ಯಾಂಶ: ಜಠರದ ಕ್ಯಾನ್ಸರ್‌ಗೆ ಇನ್ನು ಕೀಮೋ ಬೇಡವೇ?

ತೀರ್ಥಹಳ್ಳಿ, ಸಾಗರ ಕಡೆಯ ವಾಟ್ಸಾಪ್ ಗುಂಪುಗಳಿಗೆ ಒಂದು ಸಂದೇಶ ಆಗಾಗ ಬರುತ್ತದೆ. ಜಠರದ ಕ್ಯಾನ್ಸರ್‌ಗೆ ‘ಟಾರ್ಗೆಟೆಡ್’ (ಕ್ಯಾನ್ಸರ್ ಕೋಶದ ಒಂದು ನಿರ್ದಿಷ್ಟ ಗುರುತನ್ನು ಹಿಡಿದು ಕೆಲಸ ಮಾಡುವ) ಔಷಧಿ ಬಂದಿದೆ, ಇನ್ನು ಯಾರಿಗೂ ಕೀಮೋ ಬೇಡ, ಅಡ್ಡಪರಿಣಾಮವೂ ಇಲ್ಲ ಅಂತ. ಔಷಧಿ ಇರುವುದು ನಿಜ. ಉಳಿದದ್ದು ಸರಿಯಲ್ಲ.

ಇಂಥ ಒಂದು ಔಷಧಿ ಟ್ರಾಸ್ಟುಜುಮಾಬ್ ಅನ್ನೇ ನೋಡಿ. ಗಡ್ಡೆಯ ಕೋಶಗಳ ಮೇಲೆ ಹರ್-2 ಎಂಬ ಪ್ರೋಟೀನ್ ಜಾಸ್ತಿ ಇರುವವರಿಗೆ ಮಾತ್ರ ಇದನ್ನು ಕೊಡುತ್ತಾರೆ. ಹೆಚ್ಚಿನ ರೋಗಿಗಳಲ್ಲಿ ಹಾಗಿರುವುದಿಲ್ಲ. 2010ರಲ್ಲಿ ಅಮೆರಿಕ, ಯುರೋಪಿನಲ್ಲಿ ಜಠರದ ಕ್ಯಾನ್ಸರ್‌ಗೆ ಇದನ್ನು ಒಪ್ಪಿದ್ದೇ ಕೀಮೋ ಜೊತೆಗೆ, ಅದೂ ರೋಗ ಹರಡಿದವರಿಗೆ. ಆಯುಷ್ಯ ಹೆಚ್ಚಿತು, ಅದು ದೊಡ್ಡ ವಿಷಯವೇ. ಆದರೆ ಎಲ್ಲರಿಗೂ ವಾಸಿಯಾಗಲಿಲ್ಲ. ಕೆಲವರಿಗೆ ಹೃದಯದ ಶಕ್ತಿ ಕುಗ್ಗಬಹುದು, ಅದಕ್ಕೇ ಎಕೋ (ಹೃದಯದ ಸ್ಕ್ಯಾನ್) ಮಾಡಿಸುತ್ತಾರೆ.

ಹಂಚುವವರು ಕಾಳಜಿಯಿಂದಲೇ ಹಂಚುತ್ತಾರೆ. ಕಳಿಸುವ ಮುಂಚೆ ಒಂದಿಷ್ಟು ನೋಡಿದರೆ ಸಾಕು. ಔಷಧಿಯ ಹೆಸರು ಇದೆಯಾ? ಯಾವ ಹಂತದ ರೋಗಕ್ಕೆ ಅಂತ ಹೇಳಿದೆಯಾ? ಹೆಸರಿದ್ದರೆ ಅದರ ಮಾಹಿತಿ ಚೀಟಿಯಲ್ಲಿ ‘ಯಾರಿಗೆ’ ಅನ್ನುವ ಭಾಗ ಓದಿ. ಮನೆಯಲ್ಲೇ ರೋಗಿ ಇದ್ದರೆ, ಬಯಾಪ್ಸಿಗೆಂದು ಗಡ್ಡೆಯಿಂದ ತೆಗೆದ ತುಣುಕಿನಲ್ಲಿ ಹರ್-2 ಪರೀಕ್ಷೆ ಆಗಿದೆಯಾ ಎಂದು ಕ್ಯಾನ್ಸರ್ ಡಾಕ್ಟರನ್ನು ಕೇಳಿ. ಡಾಕ್ಟರ್ ಹೇಳದೆ ನಡೆಯುತ್ತಿರುವ ಕೀಮೋ ನಿಲ್ಲಿಸಬೇಡಿ.